ಪ್ರಾರ್ಥನೆ ಮಾಡುತ್ತೇನೆ ಎಂದು ಮಾತು ಕೊಟ್ಟು ಮರೆತವರು ಯಾರಾದರೂ ಇದ್ದೀರಾ?

ಹೊಲಿಗೆಮನೆ, ಬೀದರ್ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಬೀದರಿನಲ್ಲಿ ಮನೆಯಲ್ಲಿಯೇ ಬ್ಲೌಸ್ ಹೊಲಿಯುವವಳು ನಾನು. ನಮ್ಮದು ಮೆಥೋಡಿಸ್ಟ್ ಸಭೆ. ಶುಕ್ರವಾರದ ಹೆಂಗಸರ ಕೂಟದಲ್ಲಿ ಒಂದು ನೋಟ್ ಪುಸ್ತಕ ಇದೆ. ಯಾರಿಗೆ ಏನು ಕಷ್ಟವೋ ಅದರಲ್ಲಿ ಬರೆದುಕೊಳ್ಳುತ್ತೇವೆ. ಪುಸ್ತಕ ಇಟ್ಟುಕೊಂಡವರು ಪ್ರತಿ ರಾತ್ರಿ ಅದನ್ನು ದೇವರ ಮುಂದೆ ಓದಿ ಪ್ರಾರ್ಥಿಸಬೇಕು. ನಮ್ಮ ಅತ್ತೆ ಹದಿನಾರು ವರ್ಷ ಅದನ್ನು ನೋಡಿಕೊಂಡರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಪುಸ್ತಕ ನನ್ನ ಕೈಗೆ ಬಂತು. ನಾನಾಗಿ ಕೇಳಿದ್ದಲ್ಲ. ಸೊಸೆ ಎಂದ ಮೇಲೆ ರೊಟ್ಟಿ ಹಂಚಿನ ಜೊತೆಗೆ ಅದೂ ಬಂತು, ಅಷ್ಟೇ.

ಈಗ ಅದರಲ್ಲಿ 41 ಜನರಿದ್ದಾರೆ. ಮದುವೆಯ ದಿನಗಳಲ್ಲಿ ನನ್ನ ಯಂತ್ರ ನಿಲ್ಲುವಾಗಲೇ ರಾತ್ರಿ ಹನ್ನೊಂದೂವರೆ. ಆಮೇಲೆ ಕೂತು, ಹುಮನಾಬಾದಿನ ತಂಗಿಗೆ ಮಗು, ಚಿಟಗುಪ್ಪದ ಅಣ್ಣನಿಗೆ ನೌಕರಿ, ಭಾಲ್ಕಿಯ ಅಜ್ಜಿಯ ಮೊಣಕಾಲು ಎಂದು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಓದುತ್ತೇನೆ. ಒಂದು ಬೆಳಿಗ್ಗೆ ಪುಸ್ತಕದ ಮೇಲೆಯೇ ಎಚ್ಚರವಾಯಿತು. ಕೆನ್ನೆಗೆಲ್ಲ ನೀಲಿ ಮಸಿ. ಮನೆಯವರು ನಕ್ಕರು, ನಾನೂ ನಕ್ಕೆ.

ಈಗ ನಗು ಬರುವುದಿಲ್ಲ. ಪಕ್ಕದ ಮನೆಯ ಅಕ್ಕ ಲಿಂಗಾಯತರು. ಅವರ ಮಗನಿಗೆ ಇಪ್ಪತ್ತೆರಡನೆಯ ವಯಸ್ಸಿಗೇ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಲೆಕ್ಕ. ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪುತ್ತಿದ್ದ. ರಕ್ತ ತೆಗೆಯಲೆಂದು ಎಡಗೈಯಲ್ಲಿ ನರ ಜೋಡಿಸಿದ ಜಾಗದ ಮೇಲೆ ನನ್ನ ಬೆರಳು ಇರಿಸಿ, "ನೋಡಿ ಆಂಟಿ, ನಿಮ್ಮ ಮಷೀನಿನ ಹಾಗೆಯೇ ಗುರ್ ಎನ್ನುತ್ತದೆ" ಎನ್ನುತ್ತಿದ್ದ. ನಿಜವಾಗಿಯೂ ಹಾಗೆಯೇ ಇತ್ತು. ಅಕ್ಕ ನನಗೆ, "ನಿಮ್ಮ ದೇವರ ಕಿವಿಗೂ ಒಂದು ಮಾತು ಹಾಕಿಡು ತಂಗಿ" ಎಂದಿದ್ದರು. ಹಾಕುತ್ತೇನೆ ಎಂದೆ. ಪುಸ್ತಕದಲ್ಲಿ ಬರೆದುಕೊಂಡೆ.

ಎಂಟು ತಿಂಗಳ ಮೇಲೆ, ಯುಗಾದಿ ಕಳೆದ ಎರಡನೆಯ ವಾರ, ಹುಡುಗ ಹೋದ. ಸ್ವಲ್ಪ ದಿನದ ನಂತರ ಅಕ್ಕ ನಮ್ಮ ಕಟ್ಟೆಗೆ ಬಂದು ಕೂತು, ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದರು: "ನೀನು ದಿನಾಲೂ ಕೇಳುತ್ತಿದ್ದೆ ಅಲ್ಲವೇ?" ನಾನು "ಹೌದು ಅಕ್ಕ" ಎಂದೆ.

ಅದು ಸುಳ್ಳು. ದೀಪಾವಳಿಯ ಮುಂದೆ ಹತ್ತು ಹನ್ನೆರಡು ದಿನ ನಾನು ಪುಸ್ತಕ ತೆರೆದೇ ಇರಲಿಲ್ಲ. ಆಮೇಲೂ ಎಷ್ಟು ರಾತ್ರಿ ತಪ್ಪಿತೋ ಲೆಕ್ಕವಿಲ್ಲ.

ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ಯೆಹೋವನಿಗೆ ವಿರುದ್ಧವಾದ ಪಾಪ ಎಂದು ಸಮುವೇಲನು ಜನರಿಗೆ ಹೇಳಿದ್ದು (1 ಸಮುವೇಲ 12:23) ಈಗ ಮುಳ್ಳಿನ ಹಾಗೆ ಚುಚ್ಚುತ್ತಿದೆ. ನಾನು ತಪ್ಪಿಸಿದ ರಾತ್ರಿಗಳಿಂದ ಏನೂ ವ್ಯತ್ಯಾಸವಾಗಲಿಲ್ಲ ಎಂದಾದರೆ, ಮಾಡಿದ ರಾತ್ರಿಗಳಿಂದ ಏನಾಯಿತು? ವ್ಯತ್ಯಾಸವಾಯಿತು ಎಂದಾದರೆ ನಾನು ಆ ಅಕ್ಕನಿಗೆ ಹೇಗೆ ಮುಖ ತೋರಿಸಲಿ? ಪುಸ್ತಕವನ್ನು ಬೇರೆಯವರಿಗೆ ಕೊಟ್ಟುಬಿಡಬೇಕೆಂದಿದ್ದೇನೆ. ತಿಳಿದವರು ಹೇಳಿ. ಕೈಮುಗಿದ ಚಿತ್ರ ಮಾತ್ರ ಹಾಕಬೇಡಿ, ದಯವಿಟ್ಟು.

ಜಯದ ಧ್ವನಿ

ಸಹೋದರಿ, ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ವಾಕ್ಯ ಸ್ಪಷ್ಟವಾಗಿದೆ. ಕೇಳಿಕೊಂಡದ್ದು ಸಿಕ್ಕಿತೆಂದು ನಂಬಬೇಕು (ಮಾರ್ಕ 11:24). ಸಂಶಯವಿದ್ದಲ್ಲಿ ಉತ್ತರವಿಲ್ಲ. ಉಪವಾಸವಿದ್ದು ನಿಮ್ಮ ವಿಶ್ವಾಸವನ್ನು ಮೊದಲು ಬಲಪಡಿಸಿಕೊಳ್ಳಿರಿ. ಆಮೆನ್.

ರಕ್ತಪರೀಕ್ಷೆ, ಕಲಬುರಗಿ

ಮಗ ಸತ್ತ ಮನೆಯ ಪಕ್ಕದಲ್ಲಿ ಕೂತು ಅಳುತ್ತಿರುವ ಹೆಂಗಸಿಗೆ "ನಿನ್ನ ವಿಶ್ವಾಸ ಸಾಲದು" ಎನ್ನಲು ಒಂದು ಬಗೆಯ ಧೈರ್ಯ ಬೇಕು. ನನ್ನಲ್ಲಿ ಅದಿಲ್ಲ.

ಅಕ್ಕನವರೇ, ನಾನು ಕ್ರೈಸ್ತರ ಮನೆಯಲ್ಲಿಯೇ ಹುಟ್ಟಿದವನು, ಈಗ ಚರ್ಚಿಗೆ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಕೆಲಸ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಕೊಟ್ಟವರ ಮನೆಯವರು ಕಿಟಕಿಯ ಹತ್ತಿರ ನಿಂತು, "ಕಡಿಮೆ ಬರಲಿ ಎಂದು ನೀವೂ ಬೇಡಿಕೊಳ್ಳಿ ಸರ್" ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅಂಕಿ ಯಂತ್ರದ ಪರದೆಯ ಮೇಲೆ ಬಂದಿರುತ್ತದೆ. ಹೂಂ ಎನ್ನುತ್ತೇನೆ. ಏನು ಮಾಡಲಿ?

ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಿಕ್ಕವರಲ್ಲಿ 52 ಪ್ರತಿಶತ, ಸಿಗದವರಲ್ಲಿ 51 ಪ್ರತಿಶತ ಜನರಿಗೆ ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ 59! "ಇಷ್ಟು ಜನ ಪ್ರಾರ್ಥಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ" ಎಂಬ ದಿಗಿಲು ಕಾರಣವಿರಬಹುದು ಎಂದರು. ಇದನ್ನು ಹೇಳುತ್ತಿರುವುದು ನಿಮ್ಮ ಪುಸ್ತಕವನ್ನು ಹಾಸ್ಯ ಮಾಡಲಿಕ್ಕಲ್ಲ. ಆ ಹುಡುಗನನ್ನು ಕೊಂದದ್ದು ಕಿಡ್ನಿ ರೋಗ, ನಿಮ್ಮ ನಿದ್ದೆಯಲ್ಲ. ಆ ಭಾರವನ್ನು ಇಳಿಸಿ.

ನಿವೃತ್ತ ಟೀಚರ್, ಕಲಬುರಗಿ

ಲೆಕ್ಕದ ತಮ್ಮನಿಗೆ ಒಂದು ಮಾತು. ಆ ಅಧ್ಯಯನದಲ್ಲಿ ಪ್ರಾರ್ಥಿಸಿದವರಿಗೆ ರೋಗಿಯ ಮೊದಲ ಹೆಸರು, ಅಡ್ಡಹೆಸರಿನ ಮೊದಲ ಅಕ್ಷರ ಮಾತ್ರ ಕೊಟ್ಟಿದ್ದರು ಎಂಬುದನ್ನೂ ಹೇಳಬೇಕಿತ್ತು. ಈ ತಂಗಿ ಆ ಹುಡುಗನ ಕೈಯನ್ನು ಮುಟ್ಟಿ ನೋಡಿದವಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಪ್ಪ.

ನಾವು ಕಥೋಲಿಕರು. ಬಲಿಪೂಜೆಯಲ್ಲಿ ಪ್ರಬೋಧನೆಯ ನಂತರ ವಿಶ್ವಾಸಿಗಳ ಪ್ರಾರ್ಥನೆ ಬರುತ್ತದೆ: ಧರ್ಮಸಭೆಗಾಗಿ, ಆಳುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ. ಎರಡನೆಯ ಶತಮಾನದ ನಡುವಿನಲ್ಲಿಯೇ ಸಂತ ಜಸ್ಟಿನ್ ಇದರ ಬಗ್ಗೆ ಬರೆದಿಟ್ಟಿದ್ದಾರೆ. ನಡುವೆ ಬಿಟ್ಟುಹೋಗಿದ್ದನ್ನು ನಮ್ಮ ಬಿಷಪ್ಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಮರಳಿ ತರಲು ಹೇಳಿತು. ಶುಭ ಶುಕ್ರವಾರವಂತೂ ಒಂದಲ್ಲ ಎರಡಲ್ಲ, ಹತ್ತು ಕೋರಿಕೆಗಳು. ಕ್ರಿಸ್ತನನ್ನು ನಂಬದವರಿಗಾಗಿ ಒಂದು, ದೇವರನ್ನೇ ನಂಬದವರಿಗಾಗಿ ಇನ್ನೊಂದು. ಏಪ್ರಿಲ್ ತಿಂಗಳ ಕಲಬುರಗಿ ಬಿಸಿಲು, ಮಧ್ಯಾಹ್ನ ಮೂರು ಗಂಟೆ, ಫ್ಯಾನಿನ ಗಾಳಿಯೂ ಬಿಸಿ. ಏಳನೆಯದಕ್ಕೆ ಬರುವ ಹೊತ್ತಿಗೆ ನನ್ನ ಮನಸ್ಸು ಮಜ್ಜಿಗೆಯ ತಂಬಿಗೆಯ ಹತ್ತಿರ ಇರುತ್ತದೆ. ಆದರೂ ಪ್ರಾರ್ಥನೆ ಮುಂದೆ ಹೋಗುತ್ತದೆ, ಏಕೆಂದರೆ ಅದು ನನ್ನೊಬ್ಬಳದಲ್ಲ. ನಾನು ತೂಕಡಿಸಿದರೆ ಪಕ್ಕದ ಸಾಲಿನವಳು "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ" ಎನ್ನುತ್ತಾಳೆ. ನಿನ್ನ ಕಷ್ಟ ಎಲ್ಲಿದೆ ಎಂದರೆ, 41 ಜನರನ್ನು ಒಬ್ಬಳ ತಲೆಯ ಮೇಲೆ ಹೊರಿಸಿದ್ದರಲ್ಲಿ. ಯುದ್ಧ ನಡೆಯುವಾಗ ಜನರಿಗಾಗಿ ಮೇಲಕ್ಕೆತ್ತಿ ನಿಂತ ಮೋಶೆಯ ಕೈಗಳೇ ಸೋತವು. ಆರೋನ, ಹೂರ ಇಬ್ಬರೂ ಎರಡು ಕಡೆ ನಿಂತು ಎತ್ತಿ ಹಿಡಿಯಬೇಕಾಯಿತು. ನಿನ್ನ ಹೂರ ಯಾರು ತಾಯಿ?

ಇನ್ನೊಂದು ಮಾತು. ನಿಮ್ಮವರು ಒಪ್ಪಲಿಕ್ಕಿಲ್ಲ, ಬಿಡು. ನಾವು ತೀರಿಕೊಂಡವರಿಗಾಗಿಯೂ ಪ್ರಾರ್ಥಿಸುತ್ತೇವೆ. ಆ ಹುಡುಗನ ಹೆಸರು ಹೇಳಿದರೆ ನಾನು ನಾಳೆಯ ಪೂಜೆಯಲ್ಲಿ ನೆನೆಯುತ್ತೇನೆ. ಇಲ್ಲಿ ಬರೆಯಬೇಡ, ಬೇರೆ ತಿಳಿಸು.

ಗಾರೆ ಕೆಲಸದವನು, ಯಾದಗಿರಿ

ನನಗೆ ಅಧ್ಯಯನವೂ ತಿಳಿಯದು, ವ್ಯಾಟಿಕನ್ನೂ ತಿಳಿಯದು. ಆದರೆ ಅಂಥದ್ದೊಂದು ಪುಸ್ತಕದಲ್ಲಿ ನನ್ನ ಹೆಸರಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರು ಗುರುಮಠಕಲ್ ಕಡೆ. ಹನ್ನೊಂದು ವರ್ಷ ಪುಣೆಯಲ್ಲಿ ಗಾರೆ ಕೆಲಸ ಮಾಡಿದೆ. ಊರಿನ ಸಭೆಯಲ್ಲಿ ಒಬ್ಬ ಆಯಿ ಇದ್ದಳು, ರಕ್ತಸಂಬಂಧವಲ್ಲ, ಎಲ್ಲರಿಗೂ ಆಯಿ. ಓದು ಬಾರದು, ಆದ್ದರಿಂದ ಅವಳ ಪುಸ್ತಕ ಬಾಯಲ್ಲಿಯೇ. ಪ್ರತಿ ಶನಿವಾರ ಸಂಜೆ ಮೊಮ್ಮಗನ ಮೊಬೈಲ್ ಕಸಿದುಕೊಂಡು ಫೋನ್ ಮಾಡುತ್ತಿದ್ದಳು. ಹೇಗಿದ್ದೀಯಾ, ಉಂಡೆಯಾ ಏನೂ ಇಲ್ಲ. ಎತ್ತಿದ ತಕ್ಷಣ, "ಈ ವಾರ ದೇವರಿಗೆ ಏನು ಹೇಳಲಿ?" ಚೆನ್ನಾಗಿದ್ದೇನೆ ಎಂದರೆ ಬಿಡುತ್ತಿರಲಿಲ್ಲ. "ಚೆನ್ನಾಗಿರುವವನ ಬಗ್ಗೆ ದೇವರಿಗೆ ಹೇಳುವುದೇನಿದೆ, ಸರಿಯಾಗಿ ಹೇಳು" ಎನ್ನುವಳು. ಗುತ್ತಿಗೆದಾರ 14,000 ರೂಪಾಯಿ ಬಾಕಿ ಇಟ್ಟಿದ್ದಾನೆ, ಮೊಣಕೈಗೆ ಸಿಮೆಂಟಿನ ಹುಣ್ಣಾಗಿದೆ, ಎಲ್ಲ ಬಾಯಿ ಬಿಡಿಸುತ್ತಿದ್ದಳು. ಮರುವಾರ ಎಲ್ಲ ನೆನಪಿಟ್ಟು ಕೇಳುವಳು. ಕೆಲವು ಸಲ ಅದಲು ಬದಲು. ನನ್ನ ಹುಣ್ಣನ್ನು ಮುಂಬೈಯಲ್ಲಿದ್ದವನಿಗೆ, ಅವನ ಸಾಲವನ್ನು ನನಗೆ ಹಾಕಿ ಪ್ರಾರ್ಥಿಸಿದ್ದಳಂತೆ ಒಮ್ಮೆ. ದೇವರು ತಿದ್ದಿಕೊಂಡಿರಬೇಕು.

2020ರ ಲಾಕ್‌ಡೌನ್‌ನಲ್ಲಿ ತಗಡಿನ ಶೆಡ್ಡಿನಲ್ಲಿ ಏಳು ಜನ ಸಿಕ್ಕಿಕೊಂಡೆವು. ನನಗೆ ಆಗ ಕುಡಿತ ಇತ್ತು. ಅಂಗಡಿಗಳು ತೆರೆದ ದಿನವೇ ಅಕ್ಕಿಯ ದುಡ್ಡು ಕುಡಿದೆ. ಶನಿವಾರ ಆಯಿ ಕೇಳಿದಳು. "ಬಿಟ್ಟಿದ್ದೇನೆ ಆಯಿ" ಎಂದೆ. ಅವಳಿಗೆ ಎಂಥ ಸಂತೋಷ! "ಹಾಗಾದರೆ ಈ ವಾರ ಸ್ತೋತ್ರ ಹೇಳುತ್ತೇನೆ" ಎಂದಳು. ರಾತ್ರಿ ಮಲಗಿದರೆ ನಿದ್ದೆ ಹತ್ತಲಿಲ್ಲ. ನಾನು ಆಯಿಗೆ ಹೇಳಿದ ಸುಳ್ಳನ್ನು ಆ ಮುದುಕಿ ಮೊಣಕಾಲೂರಿ ದೇವರಿಗೆ ಒಪ್ಪಿಸುತ್ತಿದ್ದಾಳೆ ಎನ್ನಿಸಿತು. ನನಗಾಗಿ ಯಾರೂ ಪ್ರಾರ್ಥಿಸದೆ ಇದ್ದಿದ್ದರೆ ಆರಾಮವಾಗಿ ಕುಡಿಯುತ್ತಿದ್ದೆ.

ಮರುದಿನವೇ ಬಿಟ್ಟೆ ಎಂದು ಸಾಕ್ಷಿ ಹೇಳುವವನಲ್ಲ ನಾನು. ಎರಡು ವರ್ಷ ಹಿಡಿಯಿತು, ನಡುವೆ ನಾಲ್ಕು ಸಲ ಬಿದ್ದೆ. ಆ 14,000 ಇವತ್ತಿಗೂ ಬಂದಿಲ್ಲ. ಆಯಿ ಸಾಯುವ ತನಕ ಅದನ್ನು ಕೇಳುವುದು ಬಿಡಲಿಲ್ಲ, ಗುತ್ತಿಗೆದಾರನ ಹೆಸರು ಹಿಡಿದು. ಅವನಿಗೂ ಒಳ್ಳೆಯ ಬುದ್ಧಿ ಕೊಡು ಎಂದು ಬೇರೆ.

ಮಾರ್ಕನ ಎರಡನೆಯ ಅಧ್ಯಾಯದ ಪಾರ್ಶ್ವವಾಯು ರೋಗಿಯ ಕಥೆ ಗಾರೆಯವನಾದ ನನಗೆ ಬಹಳ ಹಿಡಿಸುತ್ತದೆ. ನಾಲ್ಕು ಜನ ಮಾಳಿಗೆ ಹತ್ತಿ, ಅಗೆದು, ಹಾಸಿಗೆ ಸಮೇತ ಕೆಳಗಿಳಿಸಿದರು. ನಮ್ಮ ಕಡೆಯ ಮಣ್ಣಿನ ಮಾಳಿಗೆ ನೋಡಿದವರಿಗೆ ಅದು ಗೊತ್ತಾಗುತ್ತದೆ: ಹೆಂಟೆ ಉದುರುತ್ತದೆ, ಕೆಳಗೆ ಕೂತವರ ತಲೆ, ಕಣ್ಣು ಎಲ್ಲ ಮಣ್ಣು. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಮಲಗಿದವನು ಒಂದು ಮಾತೂ ಆಡಿದ್ದು ಅಲ್ಲಿ ಬರೆದಿಲ್ಲ. (ಮಾಳಿಗೆಯನ್ನು ಯಾರು ರಿಪೇರಿ ಮಾಡಿದರು ಎಂದೂ ಬರೆದಿಲ್ಲ. ನನಗೆ ಅದೇ ಚಿಂತೆ.)

ಅಕ್ಕ, ಪುಸ್ತಕ ಕೊಡಬೇಡಿ. ಆದರೆ ಓದುವುದನ್ನು ಕಡಿಮೆ ಮಾಡಿ, ಕೇಳುವುದನ್ನು ಹೆಚ್ಚು ಮಾಡಿ. ಹುಮನಾಬಾದಿನ ತಂಗಿಗೆ ಕೊನೆಯ ಸಲ ಯಾವಾಗ ಫೋನ್ ಮಾಡಿದಿರಿ?

ರಕ್ತಪರೀಕ್ಷೆ, ಕಲಬುರಗಿ

ಟೀಚರ್, ನೀವು ಹೇಳಿದ್ದು ನಿಜ, ಹೆಸರಿನ ವಿಷಯ ಬಿಟ್ಟಿದ್ದೆ. ಯಾದಗಿರಿಯಣ್ಣ, ನಿಮ್ಮ ಆಯಿಯನ್ನು ಯಾವ ಅಧ್ಯಯನದಲ್ಲಿಯೂ ಕೂರಿಸಲಾಗದು ಎಂದು ಒಪ್ಪುತ್ತೇನೆ. ಆದರೆ ಅದು ಪ್ರಾರ್ಥನೆಯೋ ಶನಿವಾರದ ಫೋನೋ?

ಗಾರೆ ಕೆಲಸದವನು, ಯಾದಗಿರಿ

ಪ್ರಾರ್ಥನೆ ಇಲ್ಲದಿದ್ದರೆ ಫೋನ್ ಎಲ್ಲಿಂದ ಬರುತ್ತಿತ್ತು ತಮ್ಮ? ರೀಚಾರ್ಜ್‌ಗೆ ಅವಳ ಹತ್ತಿರ ದುಡ್ಡಿರಲಿಲ್ಲ.

ಉಪದೇಶಕ, ಔರಾದ್

ತಡವಾಗಿ ಓದಿದೆ. ನಾನು ಹಳ್ಳಿಯ ಸಭೆಗಳಲ್ಲಿ ವಾಕ್ಯ ಹೇಳುವವನು.

ವಿಶ್ವಾಸ ಸಾಲದು ಎಂದವರಿಗೆ ಮೊದಲು. ಅಪೊಸ್ತಲರ ಕೃತ್ಯಗಳು 12 ತೆಗೆಯಿರಿ. ಯೇಸುವಿನ ಶಿಷ್ಯ ಪೇತ್ರನು ಸೆರೆಯಲ್ಲಿದ್ದಾಗ ಸಭೆಯವರು ಅವನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತಿದ್ದರು. ಪೇತ್ರ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದ. ರೋದೆ ಎಂಬ ಹುಡುಗಿ ಓಡಿ ಬಂದು ಹೇಳಿದರೆ ಆ ಪ್ರಾರ್ಥನಾ ಕೂಟದವರು ಏನೆಂದರು? ನಿನಗೆ ಹುಚ್ಚು ಹಿಡಿದಿದೆ ಎಂದರು! ಇಷ್ಟು ನಂಬಿಕೆಯಿದ್ದವರಿಗೂ ಪೇತ್ರ ಸಿಕ್ಕ. ಅದೇ ಅಧ್ಯಾಯದ ಎರಡನೆಯ ವಚನದಲ್ಲಿ ಯೋಹಾನನ ಅಣ್ಣ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದ. ಅವನಿಗಾಗಿ ಸಭೆ ಮೊಣಕಾಲೂರಿರಲಿಲ್ಲವೇ? ಬರೆದಿಲ್ಲ. ಇಬ್ಬರಲ್ಲಿ ಒಬ್ಬನು ಬಂದ, ಒಬ್ಬನು ಬರಲಿಲ್ಲ. ಕಾರಣವನ್ನು ಇದನ್ನು ಬರೆದ ಲೂಕನು ಹೇಳುವುದಿಲ್ಲ, ನಾನೂ ಹೇಳಲಾರೆ. ಹೇಳುತ್ತೇನೆ ಎನ್ನುವವರ ಹತ್ತಿರ ಕೂರಬೇಡಿ.

ಅಕ್ಕನವರೇ, ಸಮುವೇಲನು ಹೇಳಿದ್ದು ಪ್ರಾರ್ಥಿಸುವುದನ್ನೇ ಬಿಟ್ಟುಬಿಡುವ ಬಗ್ಗೆ. ನಿದ್ದೆ ಹೋದವರ ಕಥೆ ಬೇರೆ ಕಡೆ ಇದೆ. ಯೇಸುವನ್ನು ಹಿಡಿದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಒಂದು ಗಳಿಗೆ ಎಚ್ಚರವಾಗಿರಿ ಎಂದು ಕರ್ತನೇ ಕೇಳಿಕೊಂಡರೂ ಶಿಷ್ಯರು ಮೂರು ಸಲ ನಿದ್ದೆ ಹೋದರು. ಅವರಲ್ಲಿ ಪೇತ್ರನೂ ಒಬ್ಬ. ಅದೇ ರಾತ್ರಿ, ಅದಕ್ಕಿಂತ ಸ್ವಲ್ಪ ಹೊತ್ತು ಮುಂಚೆ, ನಿನ್ನ ನಂಬಿಕೆ ಕುಂದಿಹೋಗದಂತೆ ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಆ ಪೇತ್ರನಿಗೇ ಹೇಳಿದ್ದ (ಲೂಕ 22:32). ನಿದ್ದೆ ಹೋಗಲಿರುವವನೆಂದು ತಿಳಿದೇ ಅವನಿಗಾಗಿ ಬೇಡಿಯಾಗಿತ್ತು. ನೀವು ತಪ್ಪಿಸಿದ ಹನ್ನೆರಡು ರಾತ್ರಿ ಆ ಹುಡುಗನಿಗಾಗಿ ಬೇಡುವವನು ಯಾರೂ ಇರಲಿಲ್ಲ ಎಂದುಕೊಳ್ಳುತ್ತಿದ್ದೀರಿ. ಇಬ್ರಿಯ 7:25 ಓದಿಕೊಳ್ಳಿ. ಯೇಸು ಯಾವಾಗಲೂ ಬದುಕಿರುವುದೇ ಅದಕ್ಕೆ, ನಮಗಾಗಿ ಬೇಡಲು.

ಟೀಚರಮ್ಮನವರು ಹೇಳಿದ ಸರದಿಯ ಮಾತು ನಮ್ಮವರಿಗೂ ಹೊಸದಲ್ಲ. ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಮೊರಾವಿಯನ್ನರು ಎಂಬ ಕ್ರೈಸ್ತ ಪಂಗಡದವರು 1727ರ ಆಗಸ್ಟ್‌ನಲ್ಲಿ 24 ಗಂಡಸರು, 24 ಹೆಂಗಸರು ಎಂದು ಗಂಟೆಗಳನ್ನು ಹಂಚಿಕೊಂಡು ಆರಂಭಿಸಿದ ಪ್ರಾರ್ಥನೆ ಸುಮಾರು ನೂರು ವರ್ಷ ನಡೆಯಿತು. ಮೆಥೋಡಿಸ್ಟ್ ಸಭೆಗೆ ಮೂಲವಾದ ನಮ್ಮ ಜಾನ್ ವೆಸ್ಲಿಯೇ ಅವರಿಂದ ಕಲಿತವನು. ನೂರು ವರ್ಷ ನಡೆದದ್ದು ಯಾರೂ ನಿದ್ದೆ ಮಾಡಲಿಲ್ಲವೆಂದಲ್ಲ, ಎಲ್ಲರೂ ಸರದಿಯಲ್ಲಿ ನಿದ್ದೆ ಮಾಡಿದ್ದರಿಂದ.

ಪುಸ್ತಕವನ್ನು ಏಳು ಜನರಿಗೆ ಹಂಚಿ. ಆದರೆ ನೋಡಿ ಹಂಚಿ. ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ಯಾರ ಮನೆಯ ಸೊಸೆ ತವರಿಗೆ ಹೋದಳು ಎಂಬ ಸುದ್ದಿ ಶುಕ್ರವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಗೆ ಊರು ಸುತ್ತುವುದನ್ನು ಬಹಳ ನೋಡಿದ್ದೇನೆ. ನಿಮ್ಮ ಅತ್ತೆ ಹದಿನಾರು ವರ್ಷ ಇಟ್ಟುಕೊಂಡರು ಎಂದಿರಲ್ಲ, ಅವರು ಬಾಯಿ ಬಿಡದವರಾಗಿರಬೇಕು.

ಮತ್ತು ಆ ಅಕ್ಕನಿಗೆ ನಿಜ ಹೇಳಿ. ಅದೊಂದನ್ನು ನಿಮ್ಮ ಬದಲಿಗೆ ಯಾರೂ ಮಾಡಲಾಗದು.

ಹೊಲಿಗೆಮನೆ, ಬೀದರ್

ಎಲ್ಲರಿಗೂ ಉತ್ತರ ಕೊಡಲು ಒಂಬತ್ತು ದಿನ ಬೇಕಾಯಿತು. ಉಪದೇಶಕರೇ, ಅತ್ತೆಯ ಬಗ್ಗೆ ನೀವು ಹೇಳಿದ್ದು ಸರಿ. ಓದಿ ಹೇಳಿದೆ, ನಕ್ಕರು. "ಬಾಯಿ ಬಿಟ್ಟಿದ್ದರೆ ಅರ್ಧ ಬೀದರಿನಲ್ಲಿ ಜಗಳ ಹತ್ತುತ್ತಿತ್ತು" ಎಂದರು.

ನಿನ್ನೆ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ತೊಗರಿ ಬೇಳೆ ಹಸನು ಮಾಡುತ್ತಿದ್ದರು. ನಾನೂ ಮೊರದ ಆ ಬದಿಗೆ ಕೂತು ಕಲ್ಲು ಆರಿಸುತ್ತಲೇ ಹೇಳಿದೆ. ದಿನಾಲೂ ಮಾಡಿಲ್ಲ ಅಕ್ಕ, ದೀಪಾವಳಿಯ ಹೊತ್ತಿಗೆ ಮರೆತೆ, ನಿಮ್ಮ ಮುಂದೆ ಸುಳ್ಳು ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಪುಸ್ತಕ ತೋರಿಸು" ಎಂದರು.

ತಂದುಕೊಟ್ಟೆ. ಪುಟಗಳ ಮೇಲೆ ಬೆರಳಾಡಿಸಿದರು. "ಇಷ್ಟು ಮಂದಿಯೇ? ಮತ್ತೆ ನಿದ್ದೆ ಬಾರದೆ ಏನು" ಎಂದರು. ನನಗೆ ಜೀವ ಬಂದಂತಾಯಿತು. ಆದರೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ನಾನು ಬರೆದಿದ್ದೆ: "ಪಕ್ಕದ ಮನೆ ಹುಡುಗ, ಕಿಡ್ನಿ."

"ಅವನಿಗೆ ಹೆಸರಿತ್ತಲ್ಲ ತಂಗಿ" ಎಂದರು.

ಎಂಟು ತಿಂಗಳು ಆ ಹುಡುಗ ನನ್ನ ಕಟ್ಟೆಯ ಮೇಲೆ ಕೂತಿದ್ದಾನೆ, ನಾನು ಅವನ ಹೆಸರು ಹಿಡಿದು ಕರೆದಿದ್ದೇನೆ. ಬರೆಯುವಾಗ ರೋಗದ ಹೆಸರು ಬರೆದಿದ್ದೇನೆ. ಉಳಿದವರನ್ನು ನೋಡಿದೆ. ಮೊಣಕಾಲು. ನೌಕರಿ. ಸಾಲ. ಟೀಚರ್ ಹೇಳಿದ ಆ ಅಮೆರಿಕದವರಾದರೂ ಮೊದಲ ಹೆಸರು ಇಟ್ಟುಕೊಂಡಿದ್ದರು.

ಅಕ್ಕ ಪೆನ್ನು ಕೇಳಿದರು. ನಾನು ಬರೆದದ್ದನ್ನು ಹೊಡೆದು ಹಾಕಲಿಲ್ಲ, ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಮಗನ ಪೂರ್ತಿ ಹೆಸರು ಬರೆದರು, ತಂದೆಯ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ. ಇದರ ಮೇಲೆ ಗೆರೆ ಎಳೆಯಬೇಡ ಎಂದರು. ಎಳೆಯುವುದಿಲ್ಲ ಎಂದೆ. ಸತ್ತವರ ಹೆಸರು ಪುಸ್ತಕದಲ್ಲಿ ಇರಬಹುದೇ ಎಂದು ನಮ್ಮ ಸಭಾಪಾಲಕರನ್ನು ಕೇಳಲು ಹೋಗಿಲ್ಲ, ಹೋಗುವುದೂ ಇಲ್ಲ. ಟೀಚರ್, ಹೆಸರನ್ನು ನಿಮಗೆ ಬೇರೆಯಾಗಿ ಕಳುಹಿಸಿದ್ದೇನೆ.

ಪುಸ್ತಕವನ್ನು ಐದು ಜನ ಹಂಚಿಕೊಂಡಿದ್ದೇವೆ. ಏಳು ಜನ ಬಾಯಿ ಬಿಡದವರು ಸಿಗಲಿಲ್ಲ. ನನ್ನ ಪಾಲಿಗೆ ಒಂಬತ್ತು. ಯಾದಗಿರಿಯಣ್ಣ, ಹುಮನಾಬಾದಿಗೆ ಫೋನ್ ಮಾಡಿದೆ. ಮಗುವಿಗೆ ಈಗ ಏಳು ತಿಂಗಳಂತೆ. ನಾನು ನಿನ್ನೆಯ ತನಕ ಮಗು ಕೊಡು ಎಂದು ಕೇಳುತ್ತಲೇ ಇದ್ದೆ. ಹಲ್ಲು ಬರುತ್ತಿದೆ, ರಾತ್ರಿ ನಿದ್ದೆ ಇಲ್ಲ, ಅದಕ್ಕೆ ಪ್ರಾರ್ಥಿಸಿ ಅಕ್ಕ ಎಂದಳು.